ಕೈ ಇಡದೆ ಬರೆದ ಮೆಮೊ

ನನ್ನ ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಉಳಿದಿದ್ದಾಗ ನಡೆದ ಸಂಗತಿ ಇದು. ಆಗ ನಾನು ಖಾನಾಪುರ ತಾಲೂಕಿನ ಕಾಡಂಚಿನ ಒಂದು ಸಣ್ಣ ರೈಲ್ವೆ ಸ್ಟೇಷನ್ನಿನಲ್ಲಿ ಸ್ಟೇಷನ್ ಮಾಸ್ತರ್ ಆಗಿದ್ದೆ. ಸ್ಟೇಷನ್ನಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗ ಬೇರೆಯವರು ಕೆಲಸ ಮಾಡುತ್ತಿದ್ದಾರೆ, ನನ್ನ ತಪ್ಪಿನ ಮಸಿ ಅವರಿಗೇಕೆ ಅಂಟಬೇಕು? ಮನೆ ಬೆಳಗಾವಿಯ ಮಹಾಂತೇಶ ನಗರದಲ್ಲಿತ್ತು, ಈಗಲೂ ಅಲ್ಲೇ ಇದ್ದೇನೆ. ವಾರಕ್ಕೊಮ್ಮೆ ಮನೆಗೆ ಬಂದು ಹೋಗುತ್ತಿದ್ದೆ. ಉಳಿದ ದಿನ ಸ್ಟೇಷನ್ ಹಿಂದಿನ ಕ್ವಾರ್ಟರ್ಸ್, ಒಂದು ಸ್ಟೋವ್, ಒಂದು ರೇಡಿಯೊ.

ಸ್ಟೇಷನ್ ಮಾಸ್ತರ್ ಎಂದರೆ ಹಸಿರು ಬಾವುಟ ಹಿಡಿದು ನಿಲ್ಲುವವನು ಎಂದು ಜನ ತಿಳಿದಿರುತ್ತಾರೆ. ನಿಜವಾಗಿ ನಮ್ಮ ಕೆಲಸದ ಮುಕ್ಕಾಲು ಪಾಲು ಬರೆಯುವುದು. ಯಾವ ಗಾಡಿ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬಂತು, ಹೋಯಿತು, ಏಕೆ ನಿಂತಿತು, ಯಾರು ಹೇಳಿದರು, ಯಾರಿಗೆ ಹೇಳಿದೆವು, ಎಲ್ಲವೂ ರಿಜಿಸ್ಟರಿನಲ್ಲಿ ಇರಬೇಕು. ಬರೆಯದೆ ಇದ್ದದ್ದು ನಡೆದೇ ಇಲ್ಲ ಎಂದು ಲೆಕ್ಕ. ಬರೆದದ್ದು ನಡೆದಿದೆ ಎಂದೂ ಲೆಕ್ಕ. ಈ ಎರಡನೆಯ ಮಾತಿನಲ್ಲಿ ಎಂಥ ಕೇಡು ಅಡಗಿದೆ ಎಂಬುದು ನನಗೆ ಐವತ್ತಾರನೆಯ ವಯಸ್ಸಿನವರೆಗೆ ಹೊಳೆದಿರಲಿಲ್ಲ.

ಬರೆಯುವುದೆಲ್ಲ ಇಂಗ್ಲಿಷಿನಲ್ಲಿ. ಆ ಇಂಗ್ಲಿಷಿನಲ್ಲೂ ರನ್ ಎಂಬ ಒಂದೇ ಕ್ರಿಯಾಪದ ದೊಡ್ಡ ಮನೆಯ ಹಿರಿಸೊಸೆಯ ಹಾಗೆ ಎಲ್ಲ ಕೆಲಸವನ್ನೂ ತಾನೇ ಮಾಡುತ್ತದೆ. ಗಾಡಿ ರನ್ ಆಗುತ್ತದೆ. ಗಾಡಿ ನಡೆಸುವ ಲೋಕೋ ಪೈಲಟ್, ಹಿಂದಿನ ಡಬ್ಬಿಯ ಗಾರ್ಡ್, ಇವರು ರನ್ನಿಂಗ್ ಸ್ಟಾಫ್. ಡ್ಯೂಟಿ ಮುಗಿಸಿ ಅವರು ಮಲಗುವ ಜಾಗ ರನ್ನಿಂಗ್ ರೂಮ್. ಅಲ್ಲಿ ಓಡುವವರು ಯಾರೂ ಇಲ್ಲ, ಗೊರಕೆಯೊಂದೇ. ಮುಖ್ಯ ಹಳಿ ರನ್ನಿಂಗ್ ಲೈನ್, ಎರಡು ಸ್ಟೇಷನ್ನುಗಳ ನಡುವೆ ಹಿಡಿಯುವ ಹೊತ್ತು ರನ್ನಿಂಗ್ ಟೈಮ್, ತಡವಾದರೆ ರನ್ನಿಂಗ್ ಲೇಟ್, ನಿಲ್ಲದೆ ಹೋದರೆ ರನ್ ಥ್ರೂ. ಕನ್ನಡದಲ್ಲಿ ನಾವು ಗಾಡಿ ಬಿಟ್ಟಿತು ಅನ್ನುತ್ತೇವೆ, ಬಂತು, ಹೊಂಟಿತು, ಹಾಯಿತು ಅನ್ನುತ್ತೇವೆ. ಒಂದೊಂದಕ್ಕೂ ಒಂದೊಂದು ಮಾತು, ಒಂದೊಂದನ್ನೂ ಕಣ್ಣಾರೆ ಕಂಡು ಆಡುವ ಮಾತು. ಇಂಗ್ಲಿಷಿನ ಆ ಪದಕ್ಕೆ ನಾವು ಎಷ್ಟು ಒಗ್ಗಿಹೋಗಿದ್ದೆವೆಂದರೆ, ಬರೆಯುವಾಗ ಕಣ್ಣ ಮುಂದೆ ಏನೂ ಬರುತ್ತಿರಲಿಲ್ಲ.

ಮನುಷ್ಯ ಗಾಡಿಗೆ ಸಿಕ್ಕರೂ ಅದೇ ಪದ. ರನ್ ಓವರ್. ಮೈಮೇಲೆ ಗಾಲಿ ಹಾಯ್ದರೂ, ಇಂಜಿನ್ ತಾಗಿ ಪಕ್ಕಕ್ಕೆ ಎಸೆದರೂ, ಬಾಗಿಲಿನಿಂದ ಜಾರಿ ಬಿದ್ದರೂ ನಮ್ಮ ಕಡೆ ಮೆಮೊದಲ್ಲಿ ರನ್ ಓವರ್ ಎಂದೇ ಬರೆಯುತ್ತಿದ್ದೆವು. ಮೆಮೊ ಎಂದರೆ ಪೊಲೀಸರಿಗೂ ಮೇಲಿನವರಿಗೂ ಕಳಿಸುವ ನಾಲ್ಕು ಸಾಲಿನ ಚೀಟಿ. ನಿಯಮದ ಪುಸ್ತಕ ಹೀಗೆ ಹೇಳಿರಲಿಲ್ಲ. ಪುಸ್ತಕದಲ್ಲಿ ಗಾಯಗೊಂಡವನಿಗೆ ಬೇರೆ ಮಾತು, ಸತ್ತವನಿಗೆ ಬೇರೆ ಮಾತು ಇದ್ದವು. ಆದರೆ ಗಾಯಾಳು ಎಂದು ಬರೆದರೆ ಡಾಕ್ಟರಿಗೆ ಹೇಳಬೇಕು, ಗಾಡಿ ನಿಲ್ಲಿಸಬೇಕು, ನಿಲ್ಲಿಸಿದ್ದಕ್ಕೆ ಕಾರಣ ಬರೆಯಬೇಕು. ರನ್ ಓವರ್ ಎಂದರೆ ಆ ತಾಪತ್ರಯ ಒಂದೂ ಇಲ್ಲ. ಪೊಲೀಸರು ತಮ್ಮ ಪುರಸೊತ್ತಿನಲ್ಲಿ ಬರುತ್ತಾರೆ, ಅಲ್ಲಿಯವರೆಗೆ ಹೆಣ ಮುಟ್ಟುವಂತಿಲ್ಲ, ನಾಯಿ ಬಾರದಂತೆ ಒಬ್ಬ ಕಾಯುತ್ತಾನೆ. ಗಾಯಾಳು ಎಂದು ಬರೆಯಲು ಯಾರಾದರೂ ಹೋಗಿ ನೋಡಿರಬೇಕು. ರನ್ ಓವರ್ ಎಂದು ಬರೆಯಲು ಯಾರೂ ನೋಡಬೇಕಾಗಿರಲಿಲ್ಲ.

ಅದು ಡಿಸೆಂಬರ್. ಖಾನಾಪುರದ ಕಡೆಯ ಚಳಿಗಾಲದ ಮಂಜು ಗೊತ್ತಿದ್ದವರಿಗೆ ಗೊತ್ತು. ಪ್ಲಾಟ್‌ಫಾರ್ಮಿನ ಈ ತುದಿಯಲ್ಲಿ ನಿಂತರೆ ಆ ತುದಿಯ ನಾಮಫಲಕ ಕಾಣುವುದಿಲ್ಲ. ನನ್ನದು ಬೆಳಿಗ್ಗೆ ಆರರ ಡ್ಯೂಟಿ. ಏಳು ಗಂಟೆ ಹತ್ತು ನಿಮಿಷಕ್ಕೆ ಗುಂಜಿ ಕಡೆಯಿಂದ ಒಂದು ಗೂಡ್ಸ್ ಗಾಡಿ ಬಂದು ನಮ್ಮ ಸ್ಟೇಷನ್ನಿನಲ್ಲಿ ನಿಲ್ಲದೆ ಹಾಯಿತು. ಹಾಯುವಾಗ ಅದರ ಲೋಕೋ ಪೈಲಟ್ ವಾಕಿಟಾಕಿಯಲ್ಲಿ ಹೇಳಿದ: "ಮಾಸ್ತರ್, ತಿರುವು ದಾಟಿದ ಮ್ಯಾಲೆ ಸಣ್ಣ ಸೇತುವಿ ಹತ್ರ ಒಬ್ಬ ರನ್ ಓವರ್. ಬಾಡಿ ಬಾಜೂಕ ಐತಿ, ಟ್ರ್ಯಾಕ್ ಕ್ಲಿಯರ್."

"ನಿಂತು ನೋಡಿದ್ರೇನ್ರಿ?" ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಅವನು ನಿಂತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಮಂಜು, ಏರು ದಾರಿ, ಭಾರದ ಗಾಡಿ, ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ಕಷ್ಟ. ಅವನ ಕಷ್ಟ ನನಗೂ ಅರ್ಥವಾಗುತ್ತಿತ್ತು, ಹಾಗಾಗಿ ಇಬ್ಬರೂ ಸುಮ್ಮನಾದೆವು. ಏಳು ಹದಿನಾರಕ್ಕೆ ನಾನು ಮೆಮೊ ಬರೆದೆ. ಅಪರಿಚಿತ ಗಂಡಸು, ರನ್ ಓವರ್, ಸ್ಥಳದಲ್ಲೇ ಸಾವು. ಕೊನೆಯ ಎರಡು ಮಾತು ನನಗೆ ಯಾರೂ ಹೇಳಿದ್ದಲ್ಲ. ಪೆನ್ನು ತಾನೇ ಬರೆಯಿತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಪೆನ್ನು ತಾನಾಗಿ ಏನನ್ನೂ ಬರೆಯುವುದಿಲ್ಲ.

ಪೊಲೀಸರಿಗೆ ಫೋನ್ ಮಾಡಿದೆ. ಆಮೇಲೆ ಕೀ-ಮ್ಯಾನ್ ಮಾರುತಿಗೆ ಮಾಡಿದೆ. ಕೀ-ಮ್ಯಾನ್ ಎಂದರೆ ದಿನಾ ಬೆಳಿಗ್ಗೆ ಹಳಿಗುಂಟ ನಡೆದು, ಹಳಿಯನ್ನು ಹಿಡಿದಿಡುವ ಕೀಲಿಗಳು ಸಡಿಲಾಗಿದ್ದರೆ ಸುತ್ತಿಗೆಯಿಂದ ಬಡಿದು ಕೂರಿಸುವವನು. ಮಾರುತಿ ಗುಂಜಿ ಕಡೆಯ ಮರಾಠಿ ಮನೆಮಾತಿನವನು. ನಲವತ್ತರ ಗಟ್ಟಿ ಆಳು, ಹಾವಿಗೂ ಕರಡಿಗೂ ಹೆದರದವನು. "ಮಾರುತಿ, ಸೇತುವಿ ಹತ್ರ ಬಾಡಿ ಬಿದ್ದೈತಂತ. ಪೊಲೀಸ್ರು ಬರೂತನಕಾ ಕಾಯ್ಕೊಂಡು ಕುಂದ್ರು," ಎಂದೆ.

"ಹ್ಞೂಂ ಮಾಸ್ತರ್ರ," ಎಂದ. ಏಳು ನಲವತ್ತರ ಸುಮಾರಿಗೆ ಅಲ್ಲಿಗೆ ತಲುಪಿದ.

ನಾನು ಚಹಾ ಕುಡಿದೆ. ಉಪ್ಪಿಟ್ಟು ತಿಂದೆ. ಒಂದರ ಹಿಂದೊಂದು ಎರಡು ಗಾಡಿಗಳಿಗೆ ದಾರಿ ಕೊಟ್ಟೆ, ಎರಡೂ ಆ ಸೇತುವೆಯ ಮೇಲೆ ಪೂರ್ತಿ ವೇಗದಲ್ಲಿ ಹಾಯ್ದವು. ಗಾಡಿಗಳ ಓಡಾಟವನ್ನೆಲ್ಲ ಫೋನಿನ ಮೇಲೆ ನಡೆಸುವ ಆಫೀಸಿಗೆ ಕಂಟ್ರೋಲ್ ಅನ್ನುತ್ತೇವೆ. ಅಲ್ಲಿಯವನು, ರನ್ ಓವರ್ ಆದರೂ ಒಂದು ಗಾಡಿಯೂ ನಿಲ್ಲಲಿಲ್ಲವಲ್ಲ, ಶಾಭಾಷ್ ಎಂದ. ನನಗೆ ಖುಷಿಯಾಯಿತು. ಈ ಸಾಲನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಖುಷಿಯಾದದ್ದು ಖರೆ.

ಎಂಟು ಇಪ್ಪತ್ತೈದಕ್ಕೆ ಮಾರುತಿಯ ಫೋನ್ ಬಂತು. ಅವನ ದನಿ ಗುರುತೇ ಸಿಗಲಿಲ್ಲ. ಹಿಂದಿನಿಂದ ಒಬ್ಬ ಹೆಣ್ಣುಮಗಳು ಚೀರುವುದು ಕೇಳುತ್ತಿತ್ತು.

"ಮಾಸ್ತರ್ರ, ಜೀವ ಐತ್ರಿ! ಕಣ್ಣ ತಗದ್ರು! ಮಾಸ್ತರ್ರ, ಜೀವ ಐತ್ರಿ ಇನ್ನೂ!"

ಹಳಿಯ ಪಕ್ಕ ಬಿದ್ದಿದ್ದವನ ಹೆಸರು ದಸ್ತಗೀರ ಎಂದು ಆಮೇಲೆ ತಿಳಿಯಿತು. ಖಾನಾಪುರದ ಕಡೆ ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಮಷೀನಿನ ಸದ್ದಿಗೆ ಕಿವಿ ಪೂರ್ತಿ ಮಂದವಾಗಿತ್ತು. ದಿನಾ ಹಳಿಗುಂಟ ನಡೆದು ಬಸ್ಸಿನ ರಸ್ತೆ ಸೇರುತ್ತಿದ್ದ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಇದ್ದವಳು ಒಬ್ಬಳೇ ಮಗಳು, ನಸೀಮಾ, ಖಾನಾಪುರದ ಒಂದು ಶಾಲೆಯಲ್ಲಿ ಟೀಚರ್. ಹಳಿಯ ಪಕ್ಕ ಕಂದು ಸ್ವೆಟರಿನ ಹೆಣ ಬಿದ್ದಿದೆ ಎಂದು ಊರಿನವರು ಯಾರೋ ಹೇಳಿದ್ದು ಅವಳ ಕಿವಿಗೆ ಬಿತ್ತು. ಸ್ವೆಟರ್ ಅವಳೇ ಕೊಡಿಸಿದ್ದು. ಓಡಿ ಬಂದವಳು ಮುಖದ ಮೇಲಿನ ಟವೆಲ್ ತೆಗೆದಳು, ಎದೆಯ ಮೇಲೆ ಕೈ ಇಟ್ಟಳು. ನಲವತ್ತೈದು ನಿಮಿಷ ಅಲ್ಲಿ ಕೂತಿದ್ದ ಮಾರುತಿ ಮಾಡದೆ ಇದ್ದದ್ದು ಅದೊಂದೇ. ಒಂದು ತಾಸಿನ ಹಿಂದೆ ಹೆಣವೆಂದು ಬರೆದ ನಾನೂ ಅದನ್ನು ಮಾಡಿಸಿರಲಿಲ್ಲ.

ಆಗ ಬೆಳಗಾವಿಗೆ ಹೋಗುವ ಪ್ಯಾಸೆಂಜರ್ ಗಾಡಿ ಹಿಂದಿನ ಸ್ಟೇಷನ್ ಬಿಟ್ಟಾಗಿತ್ತು. "ಕೆಂಪು ಬಾವುಟ ತೋರಿಸು, ಗಾಡಿ ನಿಂದ್ರಸು, ಗಾರ್ಡ್ ಡಬ್ಬಿಗೆ ಹಾಕು," ಎಂದು ಕೂಗಿದೆ. ಮಂಜಿನಲ್ಲಿ ಬಾವುಟ ಕಾಣದಿದ್ದರೆ ಎಂದು ಮಾರುತಿ ಹಳಿಯ ನಡುವೆಯೇ ನಿಂತನಂತೆ. ಇಂಜಿನ್ ಅವನಿಂದ ಹತ್ತು ಮಾರು ದೂರದಲ್ಲಿ ನಿಂತಿತು ಎಂದು ಆಮೇಲೆ ಗಾರ್ಡ್ ಹೇಳಿದ. ಖಾನಾಪುರಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಹೇಳಿದೆ. ಆ ಅರ್ಧ ತಾಸು ನಾವೆಲ್ಲ ಮಾಡಬೇಕಾದ್ದನ್ನು ಮಾಡಬೇಕಾದ ಹಾಗೆ ಮಾಡಿದೆವು. ಏಳು ಹತ್ತಕ್ಕೇ ಅದನ್ನು ಮಾಡಬಹುದಿತ್ತು.

ಎಂಟು ಐವತ್ತೆರಡಕ್ಕೆ ಗಾಡಿ ನಮ್ಮ ಸ್ಟೇಷನ್ನಿಗೆ ಬಂತು. ನಾನು ಕೊನೆಯ ಡಬ್ಬಿಗೆ ಓಡಿದೆ. ದಸ್ತಗೀರ ನೆಲದ ಮೇಲೆ ಮಗಳ ತೊಡೆಯಲ್ಲಿ ತಲೆ ಇಟ್ಟು ಮಲಗಿದ್ದ. ಸೊಂಟದ ಕೆಳಗೆ ಕಂಬಳಿ ಹೊದಿಸಿದ್ದರು, ಕಂಬಳಿ ಪೂರ್ತಿ ತೋಯ್ದಿತ್ತು. ಮುಖದ ಮೇಲೆ ಒಂದು ಗೀರೂ ಇರಲಿಲ್ಲ. ನನ್ನ ಬಿಳಿ ಯುನಿಫಾರ್ಮ್ ಕಂಡು ಅವನ ಕಣ್ಣು ನನ್ನ ಕಡೆ ಹೊರಳಿತು. ಯಾವ ಸಿಟ್ಟೂ ಇಲ್ಲದ ದನಿಯಲ್ಲಿ, ಮೆಲ್ಲಗೆ, ಹೇಳಿದ:

"ಭಾಳ ಕರದ್ನಿರಿ, ಸಾಹೇಬ್ರ."

ಗಾಡಿಗೆ ಹಸಿರು ತೋರಿಸಿದೆ. ಖಾನಾಪುರ ಬರುವ ಮೊದಲೇ ಅವನ ಉಸಿರು ನಿಂತಿತು. ಆಸ್ಪತ್ರೆಯವರು, ತರುವಾಗಲೇ ಜೀವ ಇರಲಿಲ್ಲ ಎಂದು ಬರೆದುಕೊಂಡರು. ಅವರ ಮಟ್ಟಿಗೆ ಅದು ಸರಿಯೇ.

ಗಾಡಿ ಹೋದ ಮೇಲೆ ನಾನು ಮಾಡಿದ ಕೆಲಸ ಮೆಮೊ ಬರೆದದ್ದಕ್ಕಿಂತ ಕೆಟ್ಟದ್ದು. ಪ್ಯಾಸೆಂಜರ್ ನಡುದಾರಿಯಲ್ಲಿ ನಿಂತದ್ದಕ್ಕೆ ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕಿತ್ತು. ಬದುಕಿದ್ದ ಮನುಷ್ಯನನ್ನು ಹತ್ತಿಸಲು ಎಂದು ಬರೆದರೆ ಏಳು ಹದಿನಾರರ ಮೆಮೊ ಸುಳ್ಳಾಗುತ್ತದೆ. ನಾನು ಬರೆದದ್ದು: ಬಾಡಿ ಲೋಡ್ ಮಾಡಲು ನಾಲ್ಕು ನಿಮಿಷ. ಮೊದಲ ಸಲ ತಿಳಿಯದೆ ಬರೆದಿದ್ದೆ. ಈ ಸಲ ಅವನ ಮಾತು ಕಿವಿಯಲ್ಲಿ ಇರುವಾಗಲೇ ಬರೆದೆ.

ಮಧ್ಯಾಹ್ನ ಡ್ಯೂಟಿ ಮುಗಿಸಿ ಕ್ವಾರ್ಟರ್ಸಿಗೆ ಹೋದರೆ ಮಾರುತಿ ಕಟ್ಟೆಯ ಮೇಲೆ ಕೂತಿದ್ದ. ಸುತ್ತಿಗೆ ಪಕ್ಕದಲ್ಲಿತ್ತು. ಒಳಗೆ ಬಾ ಎಂದರೆ ಬರಲಿಲ್ಲ.

"ನಾ ಕೇಳಿದ್ನಿರಿ ಮಾಸ್ತರ್ರ," ಎಂದ.

"ಏನ ಕೇಳಿದಿ?"

"ಕರಿಯೂದು. ನಾಕೈದ ಸಲ ಕರದ್ರು. ಅಪ್ಪಾ, ಅಣ್ಣಾ ಅಂದ್ರು. ನಾ ತಿರುಗಿ ನೋಡ್ಲಿಲ್ರಿ."

ಹಳಿ ಕಾಯುವವರಲ್ಲಿ ಒಂದು ನಂಬಿಕೆ ಇದೆ. ಗಾಡಿಗೆ ಸಿಕ್ಕವನ ಮುಖ ನೋಡಿದರೆ ಅವನು ನೋಡಿದವನ ಬೀಟಿನಲ್ಲೇ ತಿರುಗುತ್ತಾನೆ, ದಿನಾ ಬೆಳಿಗ್ಗೆ ಒಬ್ಬನೇ ನಡೆಯಬೇಕಾದ ಆ ದಾರಿಯಲ್ಲಿ ಜೊತೆಗೆ ಬರುತ್ತಾನೆ. ಅದಕ್ಕೇ ಅವರು ಕಣ್ಣು ಬೇರೆ ಕಡೆ ಮಾಡಿ ಟವೆಲ್ ಎಸೆದು ಮುಚ್ಚುತ್ತಾರೆ, ಹತ್ತು ಮಾರು ದೂರ ಹೋಗಿ ಬೆನ್ನು ಹಾಕಿ ಕೂರುತ್ತಾರೆ. ಹೆಣ ಕರೆಯುತ್ತದೆ, ಓಗೊಡಬಾರದು, ತಿರುಗಬಾರದು ಎಂದು ಹಿರಿಯರು ಹೊಸಬರಿಗೆ ಹೇಳಿಕೊಡುತ್ತಾರೆ. ಮಾರುತಿಗೆ ಅವನ ಅಪ್ಪ ಹೇಳಿಕೊಟ್ಟಿದ್ದ, ಆತನೂ ಕೀ-ಮ್ಯಾನ್ ಆಗಿದ್ದವನೇ. ಮಾರುತಿ ತಲೆಯ ಮಫ್ಲರನ್ನು ಕಿವಿಯ ಮೇಲೆ ಬಿಗಿಯಾಗಿ ಕಟ್ಟಿಕೊಂಡು, ವಿಠ್ಠಲ ವಿಠ್ಠಲ ಎನ್ನುತ್ತ ಕೂತಿದ್ದನಂತೆ.

"ನೀವು ಬಾಡಿ ಅಂದಿದ್ರಿ," ಎಂದ ಕೊನೆಗೆ. ದೂರುವ ದನಿ ಅಲ್ಲ ಅದು. "ನೀವು ಬಾಡಿ ಅಂದ ಮ್ಯಾಲೆ ನಂಗ ಅದು ಬಾಡೀನ ಆತ್ರಿ."

ನನಗೆ ಅಲ್ಲಿಯವರೆಗೆ ಅವನ ಮೇಲೆ ಸಿಟ್ಟಿತ್ತು. ಮೂಢ, ಹೆದರುಪುಕ್ಕಲ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಆ ಮಾತು ಕೇಳಿದ ಮೇಲೆ ಆ ಸಿಟ್ಟನ್ನು ಇಡಲು ನನ್ನನ್ನು ಬಿಟ್ಟು ಬೇರೆ ಜಾಗ ಉಳಿಯಲಿಲ್ಲ. ಅವನ ನಂಬಿಕೆಗೂ ನನ್ನ ಮೆಮೊಗೂ ಏನು ಫರಕು? ನಾನೂ ಮುಖ ನೋಡದೆ ಮುಚ್ಚಿದವನೇ.

ಇಲಾಖೆಯ ವಿಚಾರಣೆ ನಡೆಯಿತು. ಒಬ್ಬ ಅಧಿಕಾರಿ ಬಂದು ಎರಡು ತಾಸು ಕೂತರು. ಮೆಮೊ ಕೊಟ್ಟಾಗ ಆ ವ್ಯಕ್ತಿ ಸತ್ತಿದ್ದನೇ ಎಂದು ಕೇಳಿದರು. ಲೋಕೋ ಪೈಲಟ್ ಹೇಳಿದ ಪ್ರಕಾರ ಎಂದೆ. ಅವರು ಮುಂದೆ ಕೇಳಲಿಲ್ಲ, ನಾನು ಮುಂದೆ ಹೇಳಲಿಲ್ಲ. ಚಹಾ ಬಂತು. ಎಲ್ಲರ ನೌಕರಿಯೂ ಉಳಿಯಿತು.

ಒಂದು ಭಾನುವಾರ ಮಧ್ಯಾಹ್ನ ನಸೀಮಾ ಸ್ಟೇಷನ್ನಿಗೆ ಬಂದಳು. ಅಪ್ಪ ತೀರಿಕೊಂಡು ಐದು ವಾರವಾಗಿತ್ತು. ಪ್ಲಾಸ್ಟಿಕ್ ಫೈಲಿನಲ್ಲಿ ಕಾಗದಗಳಿದ್ದವು. ಎಲ್ಲೆಲ್ಲೋ ಅಲೆದು ಪೊಲೀಸರ ಪಂಚನಾಮೆಯ ಪ್ರತಿ, ನಮ್ಮ ವರದಿಯ ಪ್ರತಿ ಎರಡನ್ನೂ ಪಡೆದುಕೊಂಡಿದ್ದಳು. "ಕುಂದರ್ರಿ," ಎಂದು ಕುರ್ಚಿ ಸರಿಸಿದೆ. ಕೂತಳು. ನಮ್ಮ ವರದಿಯ ಮೂರು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮಕ್ಕಳ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಿಂದ ಅಲ್ಲಲ್ಲಿ ಸುತ್ತು ಹಾಕಿದ್ದಳು.

"ಸರ್ರ, ನಾ ಮಕ್ಕಳಿಗೆ ಇಂಗ್ಲಿಷ್ ಕಲಸ್ತೀನ್ರಿ. ರನ್ ಅಂದ್ರ ಓಡು ಅಂತ ಮೂರನೇ ಕ್ಲಾಸಿನ್ಯಾಗ ಹೇಳಿಕೊಡ್ತೀವಿ. ಈ ಮೂರ ಹಾಳ್ಯಾಗ ಆ ಶಬ್ದ ಹನ್ನೊಂದ ಸಲ ಐತ್ರಿ. ಒಂದೊಂದ ಸಲ ಏನಂತ ನೀವು ಹೇಳ್ರಿ."

ನಾನು ಹೇಳಿದೆ. ಇದು ಗಾಡಿ ನಡೆದದ್ದು, ಇದು ನಿಲ್ಲದೆ ಹಾಯ್ದದ್ದು, ಇದು ಲೋಕೋ ಪೈಲಟ್ ಗಾರ್ಡ್ ಇವರ ವಿಷಯ, ಇದು ತಡವಾದದ್ದು, ಇದು ಗಾಡಿಗಳ ಓಡಾಟಕ್ಕೆ ತೊಂದರೆ ಆಗಲಿಲ್ಲ ಎಂಬುದು. ಒಂದೊಂದನ್ನೂ ಬೆರಳಿಟ್ಟು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವಳು ತಲೆ ಆಡಿಸುತ್ತ ಕೇಳಿದಳು. ಹತ್ತು ಮುಗಿದವು.

"ಹತ್ತೂ ಗಾಡೀದು," ಎಂದಳು. "ನಮ್ಮ ಅಬ್ಬಾಂದು ಒಂದ. ಅದನ್ನೂ ಹೇಳ್ರಿ."

"ಗಾಡಿ... ಮೈಮ್ಯಾಲೆ ಹಾದು ಹೋತು ಅಂತವ್ವಾ."

"ಹಾದು ಹೋಗಿಲ್ರಿ. ಬಾಜೂಕ ಒಗದಿತ್ತು. ನೀವು ನೋಡೀರಿ."

"ನೋಡೀನಿ."

"ಸ್ಥಳದಾಗ ಸತ್ರು ಅಂತ ಬರದೈತಿ. ಸತ್ತವ್ರು ನಿಮ್ಮ ಜೊತಿ ಮಾತಾಡಿದ್ರೇನ್ರಿ?"

ಆಮೇಲೆ ಅವಳು ಬಂದ ಕಾರಣ ಹೇಳಿದಳು. ದಸ್ತಗೀರ ತಾನಾಗಿ ಗಾಡಿಗೆ ಬಿದ್ದ ಎಂದು ಊರಿನಲ್ಲಿ ಮಾತು ಹಬ್ಬಿತ್ತು. ಹೆಂಡತಿ ಇಲ್ಲದವನು, ಕಿವಿ ಹೋದವನು, ಬೇಸತ್ತಿದ್ದ ಎಂದು ಜನ ಕತೆ ಕಟ್ಟಿದ್ದರು. ಅವರಲ್ಲಿ ಜೀವ ತಾನಾಗಿ ಕಳೆದುಕೊಳ್ಳುವುದು ದೊಡ್ಡ ಪಾಪ. ಸತ್ತವನಿಗಾಗಿ ಪ್ರಾರ್ಥನೆ ಮಾಡುವಾಗಲೂ ಕೆಲವರು ಗುಸುಗುಸು ಮಾಡಿದ್ದರು. ಗಾರ್ಡ್ ಡಬ್ಬಿಯಲ್ಲಿ ಅಪ್ಪ ಅವಳಿಗೆ ಹೇಳಿದ್ದು ಒಂದೇ ಮಾತು: ಹಿಂದಿನಿಂದ ಬಂತು ಬೇಟಿ, ನನಗೆ ಕೇಳಲಿಲ್ಲ. ಆ ಮಾತನ್ನು ಅವಳು ಎಲ್ಲರಿಗೂ ಹೇಳಿದಳು. ಅಪ್ಪ ಅಲ್ಲೇ ಸತ್ತಿದ್ದ ಎಂದು ಸರ್ಕಾರದ ಕಾಗದವೇ ಹೇಳುವಾಗ ಮಗಳ ಮಾತನ್ನು ಯಾರು ನಂಬುತ್ತಾರೆ? ಅಪ್ಪನ ಮರ್ಯಾದೆ ಉಳಿಸಲು ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದು ದೊಡ್ಡಪ್ಪನೇ ಮುಖಕ್ಕೆ ಹೇಳಿದ್ದನಂತೆ.

"ನಾಲ್ವತ್ತನೇ ದಿನಕ್ಕ ಇನ್ನ ಐದ ದಿನ ಐತ್ರಿ. ಮಂದಿ ಎಲ್ಲಾ ಕೂಡತಾರ. ನಂಗ ನಿಮ್ಮ ನೌಕರಿ ತಗೀಬೇಕಂತ ಇಲ್ರಿ, ಏನೂ ಕೊಡ್ರಿ ಅಂತ ಕೇಳಾಕೂ ಬಂದಿಲ್ಲ. ನಮ್ಮ ಅಬ್ಬಾ ಅಷ್ಟೊತ್ತನಕಾ ಜೀವಂತ ಇದ್ರು, ಮಾತಾಡಿದ್ರು ಅಂತ ಒಂದ ಸಾಲ ಬರದ ಕೊಡ್ರಿ. ಬರದವ್ರು ನೀವಽ ಅಲ್ರಿ?"

ಆಗ ನನ್ನ ತಲೆಯಲ್ಲಿ ಏನು ಓಡಿತು ಎಂಬುದನ್ನು ಮುಚ್ಚಿಡುವುದಿಲ್ಲ. ನಾಲ್ಕು ವರ್ಷದ ನೌಕರಿ, ಪೆನ್ಷನ್, ಮಹಾಂತೇಶ ನಗರದ ಮನೆ. ಯೋಚನೆ ಮಾಡಿ ಹೇಳುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಂದು ಗೂಡ್ಸ್ ಬರುವ ಹೊತ್ತಾಯಿತು. ಹೊರಗೆ ಹೋಗಿ ಬಾವುಟ ಹಿಡಿದು ನಿಂತೆ. ಗಾಡಿ ನಿಲ್ಲದೆ ಹಾಯಿತು. ಅದು ಎಷ್ಟು ದೊಡ್ಡ ಸದ್ದು ಮಾಡುತ್ತದೆ ಎಂಬುದು ಅಷ್ಟು ವರ್ಷದ ಮೇಲೆ ಅವತ್ತು ಮೊದಲ ಸಲ ಕೇಳಿಸಿದ ಹಾಗಾಯಿತು. ಆ ಸದ್ದೂ ಕೇಳದಷ್ಟು ಆ ಮನುಷ್ಯನ ಕಿವಿ ಹೋಗಿತ್ತಲ್ಲ ಎನಿಸಿತು. ಹಾಗಿದ್ದೂ ಅವನು ಕರೆದಿದ್ದ, ಯಾರಾದರೂ ಬಂದಾರು ಎಂದು.

ಒಳಗೆ ಬಂದು ಬಿಳಿ ಹಾಳೆ ತೆಗೆದೆ. ಇಂಗ್ಲಿಷಿನಲ್ಲಿ ಬರೆಯಲು ಶುರು ಮಾಡಿ ಹರಿದು ಹಾಕಿದೆ. ಕನ್ನಡದಲ್ಲಿ ಬರೆದೆ. ಗಾಡಿ ಹಿಂದಿನಿಂದ ತಾಗಿ ದಸ್ತಗೀರ ಎಂಬವರನ್ನು ಹಳಿಯ ಪಕ್ಕಕ್ಕೆ ಎಸೆದಿತ್ತು. ಅವರು ಸತ್ತಿದ್ದಾರೆಂದು ಯಾರೂ ನೋಡಿ ಹೇಳಿರಲಿಲ್ಲ, ನಾನೇ ಬರೆದೆ. ಎಂಟು ಐವತ್ತೆರಡಕ್ಕೆ ಅವರು ಎಚ್ಚರದಲ್ಲಿದ್ದರು, ನನ್ನನ್ನು ನೋಡಿ ಮಾತಾಡಿದರು. ಬಹಳ ಕರೆದೆ ಎಂದರು. ಬಾಡಿ ಲೋಡ್ ಮಾಡಲು ಗಾಡಿ ನಿಂತಿತ್ತು ಎಂದು ರಿಜಿಸ್ಟರಿನಲ್ಲಿ ನಾನು ಬರೆದದ್ದು ಸುಳ್ಳು. ಮೂರು ಪ್ರತಿ ಮಾಡಿ ಸಹಿ ಹಾಕಿದೆ. ಒಂದು ಇಲಾಖೆಗೆ, ಒಂದು ಪೊಲೀಸರಿಗೆ, ಒಂದು ಅವಳಿಗೆ. ಮಾರುತಿಯ ಹೆಸರು ಬರೆಯಲಿಲ್ಲ. ಅವನಿಗೆ ಹೆಣ ಕಾಯಲು ಹೇಳಿದ್ದೆ, ಅವನು ಹೆಣ ಕಾದಿದ್ದ.

ನಸೀಮಾ ಎರಡು ಸಲ ಓದಿದಳು. ಮೂರು ಹಾಳೆಗಳ ಫೈಲಿಗೆ ಇದನ್ನು ಸೇರಿಸದೆ, ಬೇರೆಯಾಗಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು. "ಬರ್ತೀನ್ರಿ ಸರ್ರ," ಎಂದಳು. ಥ್ಯಾಂಕ್ಸ್ ಎನ್ನಲಿಲ್ಲ, ಎನ್ನಬೇಕಾಗಿಯೂ ಇರಲಿಲ್ಲ.

ನಲವತ್ತನೆಯ ದಿನ ನಾನೂ ಅವರ ಮನೆಗೆ ಹೋದೆ. ಕರೆದಿರಲಿಲ್ಲ. ಅಂಗಳದಲ್ಲಿ ಚಾಪೆ ಹಾಸಿ ಮೂವತ್ತು ನಲವತ್ತು ಜನ ಕೂತಿದ್ದರು. ಓದು, ಪ್ರಾರ್ಥನೆ ಮುಗಿದ ಮೇಲೆ ನಸೀಮಾ ಬಾಗಿಲಲ್ಲಿ ನಿಂತು ನನ್ನ ಕಾಗದ ಓದಿದಳು, ಮೊದಲು ಕನ್ನಡದಲ್ಲಿ, ಆಮೇಲೆ ಅವರ ಮನೆಮಾತಿನಲ್ಲಿ. ಅವಳ ದೊಡ್ಡಪ್ಪ, ಎಪ್ಪತ್ತರ ಮುದುಕ, ಎದ್ದು ನನ್ನ ಹತ್ತಿರ ಬಂದ.

"ಇದು ನೀವಽ ಬರದಿದ್ದೇನ್ರಿ?"

"ಹೌದ್ರಿ."

"ಖರೇನಽ?"

"ಖರೇನ್ರಿ."

ಹುಡುಗಿಯ ಕಡೆ ಒಮ್ಮೆ ನೋಡಿದ, ಮತ್ತೆ ನನ್ನ ಕಡೆ ತಿರುಗಿದ. "ಮತ್ತ ನಾಲ್ವತ್ತ ದಿನ ಇದನ್ನ ಎಲ್ಲಿ ಇಟ್ಟಿದ್ರಿ, ಮಾಸ್ತರ್ರ?"

ಮನೆಯವರು ಕೂತು ಉಂಡು ಹೋಗಿ ಎಂದರು. ಉಂಡೆ.

ಇಲಾಖೆಯಿಂದ ಚಾರ್ಜ್‌ಶೀಟ್ ಬಂತು, ಶಿಕ್ಷೆಯೂ ಆಯಿತು. ಅದರ ವಿವರ ಬೇಡ, ನನ್ನ ತಪ್ಪಿನ ಮುಂದೆ ಅದು ಏನೂ ಅಲ್ಲ. ಲೋಕೋ ಪೈಲಟ್‌ಗೆ ಏನಾಯಿತೋ ನನಗೆ ಗೊತ್ತಿಲ್ಲ. ಮೂಲ ವರದಿಯನ್ನು ಯಾರೂ ತಿದ್ದಲಿಲ್ಲ. ಅದರ ಹಿಂದೆ ನನ್ನ ಕನ್ನಡದ ಕಾಗದವನ್ನು ಟ್ಯಾಗಿನಲ್ಲಿ ಪೋಣಿಸಿದರು, ಅಷ್ಟೇ. ಈಗಲೂ ಆ ಫೈಲಿನ ಮೊದಲ ಹಾಳೆಯಲ್ಲಿ ದಸ್ತಗೀರ ಏಳು ಗಂಟೆಗೇ ಸತ್ತಿದ್ದಾನೆ.

ಉಳಿದ ನಾಲ್ಕು ವರ್ಷ ನಾನು ಒಂದು ಪದ್ಧತಿ ಇಟ್ಟುಕೊಂಡೆ. ಯಾರಾದರೂ ಗಾಡಿಗೆ ಸಿಕ್ಕ ಸುದ್ದಿ ಬಂದರೆ, ಒಬ್ಬರು ಹೋಗಿ ಎದೆಯ ಮೇಲೆ ಕೈ ಇಟ್ಟು ನನಗೆ ಹೇಳುವವರೆಗೆ ಮೆಮೊ ಬರೆಯುವುದಿಲ್ಲ. ಡಾಕ್ಟರಿಗೆ ಮೊದಲು ಫೋನ್, ಪೊಲೀಸರಿಗೆ ಆಮೇಲೆ. ಗಾಡಿಗಳು ನಿಲ್ಲುತ್ತಿದ್ದವು, ಕಂಟ್ರೋಲಿನವರು ಬೈಯುತ್ತಿದ್ದರು. ಬೈಯಲಿ ಎಂದು ಬಿಟ್ಟೆ. ಬಿಸಿರಕ್ತದ ಹೊಸ ಕಂಟ್ರೋಲರ್ ಒಬ್ಬ, ಕೈ ಇಡುವುದು ಯಾವ ನಿಯಮದಲ್ಲಿದೆ ಎಂದು ಕೇಳಿದ. ನನ್ನ ನಿಯಮ ಎಂದೆ.

ಆಮೇಲೆ ನನ್ನ ಕಾಲದಲ್ಲಿ ಅಂಥವು ಮೂರು ಆದವು. ಬದುಕಿ ಉಳಿದವರು ಯಾರೂ ಇಲ್ಲ. ಓದುವವರು ಒಬ್ಬನಾದರೂ ಉಳಿದ ಎಂದು ಕೇಳಲು ಬಯಸುತ್ತಾರೆ ಎಂಬುದು ನನಗೆ ಗೊತ್ತು. ನಾನೂ ಬಯಸಿದ್ದೆ. ಮೊದಲನೆಯದು ಮರುವರ್ಷದ ಚಳಿಗಾಲದಲ್ಲಿ, ಅದೇ ತಿರುವಿನ ಹತ್ತಿರ ಆಯಿತು. ಯಾರನ್ನು ಕಳಿಸಲಿ ಎಂದು ನಾನು ಯೋಚಿಸುವ ಮೊದಲೇ ಮಾರುತಿಯ ಫೋನ್ ಬಂತು. ಓಡಿ ಹೋಗಿದ್ದ, ಏದುಸಿರು ಕೇಳುತ್ತಿತ್ತು.

"ಮಾಸ್ತರ್ರ, ಕೈ ಇಟ್ಟೀನ್ರಿ."

"ಮುಖ?"

"ನೋಡೀನ್ರಿ. ಹುಡುಗ ಅದಾನ. ಕರದೂ ನೋಡಿದ್ನಿ, ನಾಕೈದ ಸಲ."

ನಾನು ಪೆನ್ನು ಕೈಯಲ್ಲಿ ಹಿಡಿದು ಕಾದೆ. ಹಳಿಯ ಮೇಲೆ ಗಾಳಿ ಬೀಸುವ ಸದ್ದು ಫೋನಿನಲ್ಲಿ ಬರುತ್ತಿತ್ತು.

"ಓ ಅನ್ಲಿಲ್ರಿ," ಎಂದ ಮಾರುತಿ. "ಈಗ ಬರೀರಿ."